ಜನೌಷಧಿ ಅಂಗಡಿ: ಒಂದೂವರೆ ವರ್ಷ ಅಪ್ಪನ ಮಾತ್ರೆ ತಗೊಂಡ್ಮೇಲೆ

ನಮ್ಮಪ್ಪಂಗೆ 74. ಎಚ್‌ಎಂಟಿ ಫ್ಯಾಕ್ಟರಿಲಿ ಕೆಲಸ ಮಾಡಿ ರಿಟೈರ್ ಆದೋರು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಮೇಲೆ ಒಂದು ಸ್ಟೆಂಟ್ ಬೇರೆ. ದಿನಕ್ಕೆ ಐದು ಥರ ಮಾತ್ರೆ. ಮನೆ ಹತ್ರದ ಮೆಡಿಕಲ್ಸ್‌ನಲ್ಲಿ ತಿಂಗಳಿಗೆ ಎರಡು ಸಾವಿರದ ಮೇಲೆ ಬಿಲ್ ಆಗ್ತಿತ್ತು, ಅವರಿಗೆ ಬರೋ ಪಿಎಫ್ ಪೆನ್ಷನ್‌ಗಿಂತ ಜಾಸ್ತಿ. ಅದು ಅವರಿಗೂ ಗೊತ್ತು, ಅದಕ್ಕೇ ಒಂದ್ಸಲ ನನಗೆ ಹೇಳದೆ ರಾತ್ರಿ ಮಾತ್ರೆನ ದಿನ ಬಿಟ್ಟು ದಿನ ತಗೊಳ್ಳೋಕೆ ಶುರು ಮಾಡಿದ್ರು. ಸ್ಟ್ರಿಪ್ ಖಾಲಿ ಆಗದೆ ಇದ್ದಿದ್ದು ನೋಡಿ ನಂಗೆ ಗೊತ್ತಾಗಿದ್ದು. ಕೇಳಿದ್ರೆ "ಇಷ್ಟೊಂದು ಯಾಕೆ ಪುಟ್ಟಿ, ಚೆನ್ನಾಗೇ ಇದ್ದೀನಲ್ಲ" ಅಂದ್ರು. ಅವತ್ತೇ ಡಾಕ್ಟರ್ ಹತ್ರ ಹೋಗಿ, ಬ್ರ್ಯಾಂಡ್ ಹೆಸರಿನ ಬದಲು ಮಾತ್ರೆ ಒಳಗಿರೋ ಔಷಧಿ ಹೆಸರು ಬರ್ಕೊಡಿ ಅಂತ ಕೇಳ್ದೆ. ಅವರು ಬೇಜಾರಿಲ್ದೆ ಬರ್ಕೊಟ್ರು.

ಅಲ್ಲಿಂದ ಜನೌಷಧಿ, ಅಂದ್ರೆ ಬ್ರ್ಯಾಂಡ್ ಇಲ್ಲದ ಔಷಧಿನ ಕಮ್ಮಿ ರೇಟಿಗೆ ಮಾರೋ ಕೇಂದ್ರ ಸರ್ಕಾರದ ಯೋಜನೆಯ ಅಂಗಡಿ. ಮನೆಯಿಂದ ಒಂದು ಬಸ್ ಸ್ಟಾಪ್ ದೂರದ ಚಿಕ್ಕ ಅಂಗಡಿ, ಒಬ್ಬಳೇ ಹುಡುಗಿ ಫಾರ್ಮಸಿಸ್ಟ್. ಚೀಟಿ ಕೊಟ್ರೆ ಮೊದಲು ಪೂರ್ತಿ ಓದ್ತಾಳೆ, ಆಮೇಲೆ "ಅಕ್ಕ, ಟೆಲ್ಮಿಸಾರ್ಟನ್ 40 ಅಲ್ವಾ, ಹಿಂದಿನ ಸಲಾನೂ ಇದೇ ತಾನೆ" ಅಂತ ಕೇಳಿ ಕನ್ಫರ್ಮ್ ಮಾಡ್ಕೋತಾಳೆ, ಇಷ್ಟು ಗಮನ ಕೊಡೋರು ದೊಡ್ಡ ದೊಡ್ಡ ಏಸಿ ಅಂಗಡೀಲೂ ನಂಗೆ ಸಿಕ್ಕಿಲ್ಲ. ಮೊದಲನೇ ತಿಂಗಳ ಬಿಲ್ ಐನೂರು ರೂಪಾಯಿ ಒಳಗೆ ಬಂತು. ನಾನು ಏನೋ ಬಿಟ್ಟೋಗಿದೆ ಅಂತ ಅಲ್ಲೇ ನಿಂತು ಎಲ್ಲ ಸ್ಟ್ರಿಪ್ ಎಣಿಸ್ದೆ. ಐದೂ ಇತ್ತು.

ಇಷ್ಟು ಕಮ್ಮಿ ಹೇಗೆ ಅಂದ್ರೆ, ಬ್ರ್ಯಾಂಡ್ ಇಲ್ಲ, ಡಾಕ್ಟರ್ ಹತ್ರ ಹೋಗೋ ಮೆಡಿಕಲ್ ರೆಪ್ ಇಲ್ಲ, ಟೆಂಡರ್ ಕರೆದು ಒಟ್ಟಿಗೆ ಕೊಳ್ತಾರೆ. ಬ್ರ್ಯಾಂಡ್ ಔಷಧಿಗಿಂತ 50ರಿಂದ 80 ಪರ್ಸೆಂಟ್ ತನಕ ಕಮ್ಮಿ ಅಂತ ಸರ್ಕಾರ ಹೇಳೋದು ನಮ್ಮನೆ ಲೆಕ್ಕದಲ್ಲಂತೂ ನಿಜ. ಕ್ವಾಲಿಟಿ ಹೇಗೆ ಅಂತ ಎಲ್ರೂ ಕೇಳ್ತಾರೆ. ಒಂದು ಪ್ರೈವೇಟ್ ಮೆಡಿಕಲ್ಸ್‌ನಲ್ಲಿ "ಮೇಡಂ ಆ ಮಾತ್ರೆ ಕೆಲಸ ಮಾಡಲ್ಲ" ಅಂತಾನೇ ಅಂದ್ರು, ವಯಸ್ಸಾದೋರ ವಿಷಯದಲ್ಲಿ ಹಂಗೆ ಹೆದರಿಸೋದು ತಪ್ಪು. ಡಬ್ಲ್ಯೂಎಚ್‌ಒ-ಜಿಎಂಪಿ (ಔಷಧಿ ಸರಿಯಾಗಿ ತಯಾರಿಸ್ತಾರೆ ಅನ್ನೋ) ಸರ್ಟಿಫಿಕೇಟ್ ಇರೋ ಕಂಪನಿಗಳಿಂದಲೇ ಕೊಳ್ಳೋದು, ಒಂದೊಂದು ಬ್ಯಾಚೂ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್‌ನಲ್ಲಿ ಟೆಸ್ಟ್ ಆಗಿ ಬರಬೇಕು ಅನ್ನೋದು ನಿಯಮ. ಅದನ್ನಷ್ಟೇ ನಂಬಿ ಕೂರಲಿಲ್ಲ ನಾನು, ಮೂರು ತಿಂಗಳು ದಿನಾ ಬೆಳಿಗ್ಗೆ ಅಪ್ಪನ ಬಿಪಿ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ, ಶುಗರ್‌ಗೆ ಮೂರು ತಿಂಗಳ ಸರಾಸರಿ ಟೆಸ್ಟ್ ಮಾಡಿಸ್ದೆ, ಎರಡೂ ತಗೊಂಡೋಗಿ ಡಾಕ್ಟರ್‌ಗೆ ತೋರಿಸಿದ್ಮೇಲೆ ಅವರು ಇದನ್ನೇ ಮುಂದುವರಿಸಿ ಅಂದ್ರು. ನೀವೂ ಹಂಗೇ ಮಾಡಿ, ಅದ್ರಲ್ಲೂ ಹಾರ್ಟ್ ಮಾತ್ರೆ ನಿಮ್ಮಷ್ಟಕ್ಕೆ ನೀವೇ ಬದಲಾಯಿಸ್ಬೇಡಿ.

ಒಂದು ತೊಂದರೆ ನಾನು ಯೋಚ್ನೇನೇ ಮಾಡಿರ್ಲಿಲ್ಲ. ಅಪ್ಪ ಮಾತ್ರೆ ಹೆಸರು ಓದೋರಲ್ಲ, ಬಣ್ಣ ನೋಡಿ ನುಂಗೋರು. ಬೆಳಿಗ್ಗೆ ಬಿಳಿ ಉದ್ದಂದು, ರಾತ್ರಿ ಗುಲಾಬಿ ಗುಂಡಂದು. ಜನೌಷಧಿಲಿ ಎಲ್ಲಾ ಬೇರೆ ಬಣ್ಣ, ಬೇರೆ ಸೈಜು. ಎರಡನೇ ದಿನವೇ ಬೆಳಗಿನದು ರಾತ್ರಿಗೂ ತಗೊಳ್ಳೋಕೆ ಹೋಗಿದ್ರು, ಅಮ್ಮ ನೋಡಿ ತಡೆದ್ರು. ಆಮೇಲೆ ಸ್ಟ್ರಿಪ್ ಹಿಂದೆ ಸ್ಕೆಚ್ ಪೆನ್ನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿದಕ್ಕೆ ಚಂದ್ರ, ಊಟಕ್ಕೆ ಮುಂಚಿನದಕ್ಕೆ ಖಾಲಿ ತಟ್ಟೆ ಬರೆದುಕೊಟ್ಟೆ. ಈಗ ಪ್ರತಿ ತಿಂಗಳೂ ಸ್ಟ್ರಿಪ್ ಮನೆಗೆ ಬಂದ ತಕ್ಷಣ ಅಪ್ಪ ಸ್ಕೆಚ್ ಪೆನ್ ಹಿಡ್ಕೊಂಡು ನನ್ನ ಪಕ್ಕ ಬಂದು ಕೂರ್ತಾರೆ.

ಈ ಅಂಗಡಿಲಿ ಇನ್ನೊಂದು ಕಷ್ಟ ಅಂದ್ರೆ ಸ್ಟಾಕ್. ಐದರಲ್ಲಿ ಒಂದು ಸಿಗದೇ ಇರೋ ತಿಂಗಳು ಇದೆ. "ಇಂಡೆಂಟ್ ಹಾಕಿದ್ದೀನಿ ಅಕ್ಕ, ಗುರುವಾರ ಬರುತ್ತೆ" ಅಂತಾಳೆ, ಕೆಲವು ಸಲ ಬರುತ್ತೆ, ಕೆಲವು ಸಲ ಮುಂದಿನ ವಾರ. ಜನೌಷಧಿ ಸುಗಮ್ ಅಂತ ಆ್ಯಪ್ ಇದೆ, ಔಷಧಿ ಹೆಸರು ಹಾಕಿದ್ರೆ ರೇಟ್ ತೋರಿಸುತ್ತೆ, ಹತ್ತಿರದ ಅಂಗಡಿ ಎಲ್ಲಿದೆ ಅಂತಾನೂ ತೋರಿಸುತ್ತೆ.

ಈಗ ಜಗಳದ ವಿಷಯ, ಇದನ್ನ ಬಿಟ್ಟು ರಿವ್ಯೂ ಬರೆಯೋಕೆ ನಂಗೆ ಮನಸ್ಸು ಬರ್ತಿಲ್ಲ. ಮುಂಚೆ ಅಪ್ಪನ ಚೆಕಪ್‌ಗೆ ಹೋದಾಗ ಆ ಸರ್ಕಾರಿ ಆಸ್ಪತ್ರೆ ಕಾಂಪೌಂಡ್ ಒಳಗೇ ಒಂದು ಜನೌಷಧಿ ಇತ್ತು. 2025ರ ಮೇನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದಲ್ಲಿರೋ ಜನೌಷಧಿ ಕೇಂದ್ರಗಳನ್ನ ಮುಚ್ಚಬೇಕು ಅಂತ ಆದೇಶ ಮಾಡ್ತು. ಸರ್ಕಾರಿ ಆಸ್ಪತ್ರೇಲಿ ಔಷಧಿ ಫ್ರೀ ಸಿಗಬೇಕು, ಒಳಗೇ ದುಡ್ಡಿಗೆ ಮಾರೋ ಅಂಗಡಿ ಯಾಕೆ ಅನ್ನೋದು ಅವರ ವಾದ. ಬಡವರ ಹೊಟ್ಟೆ ಮೇಲೆ ಹೊಡೀತಿದ್ದಾರೆ, ಮೋದಿ ಹೆಸರಿದೆ ಅಂತ ಮುಚ್ಚಿಸ್ತಿದ್ದಾರೆ ಅಂತ ಬಿಜೆಪಿಯವರು ಬೀದಿಗಿಳಿದ್ರು. ವಿಷಯ ಕೋರ್ಟಿಗೆ ಹೋಗಿ ಹೈಕೋರ್ಟ್ ಧಾರವಾಡ ಪೀಠದಿಂದ ತಡೆಯೂ ಬಂತು.

ನಮ್ಮನೇಲಿ ಭಾನುವಾರ ತಿಂಡಿಗೆ ಚಿಕ್ಕಪ್ಪ, ಭಾವ ಇಬ್ರೂ ಬರ್ತಾರೆ, ಒಬ್ರು ಆ ಪಕ್ಷ ಒಬ್ರು ಈ ಪಕ್ಷ. ಚಿಕ್ಕಪ್ಪ ಹೇಳೋದು, ಗ್ಯಾರಂಟಿಗೆ 50 ಸಾವಿರ ಕೋಟಿ ಮೇಲೆ ಸುರಿದ್ಮೇಲೆ ಆಸ್ಪತ್ರೆಗೆ ಎಲ್ಲಿ ಉಳಿಯುತ್ತೆ ದುಡ್ಡು. ಭಾವ ಹೇಳೋದು, 2025ರ ಮಾರ್ಚ್ 7ರ ಬಜೆಟ್‌ನಲ್ಲಿ ಆರೋಗ್ಯಕ್ಕೇ 17,473 ಕೋಟಿ ಇಟ್ಟಿದ್ದಾರೆ, ಒಟ್ಟು ಬಜೆಟ್ 4.09 ಲಕ್ಷ ಕೋಟಿ, ಕೇಂದ್ರದವರು ನಮ್ಮ ತೆರಿಗೆ ಪಾಲು ಸರಿಯಾಗಿ ಕೊಟ್ಟಿದ್ರೆ ಇನ್ನೂ ಜಾಸ್ತಿ ಇಡ್ತಿದ್ರು. (ಆ ಮಾರ್ಚ್ 7ನ್ನೇ ಕೇಂದ್ರದವರು ಪ್ರತಿ ವರ್ಷ ಜನೌಷಧಿ ದಿನ ಅಂತ ಆಚರಿಸ್ತಾರೆ.) ಜನೌಷಧಿ ಶುರುವಾಗಿದ್ದು 2008ರಲ್ಲಿ, ಮೊದಲನೇ ಅಂಗಡಿ ಅಮೃತಸರದಲ್ಲಿ, ಆಗ ಇದ್ದಿದ್ದು ಮನಮೋಹನ್ ಸಿಂಗ್ ಸರ್ಕಾರ. ಅದನ್ನ ದೇಶದ ತುಂಬ ಹಬ್ಬಿಸಿದ್ದು ಮೋದಿ ಸರ್ಕಾರ, 2023ರ ನವೆಂಬರ್‌ಗೆ ಹತ್ತು ಸಾವಿರನೇ ಅಂಗಡಿ ತೆಗೆದ್ರು. ಎರಡೂ ಪಕ್ಷದ ದುಡಿಮೆ ಇದೆ ಇದರಲ್ಲಿ. ಇದನ್ನ ಹೇಳಿದ್ರೆ ಇಬ್ರೂ ಒಂದೈದು ನಿಮಿಷ ಸುಮ್ನಾಗ್ತಾರೆ, ಆಮೇಲೆ ಮತ್ತೆ ಶುರು.

ನಂಗೆ ಅನ್ಸೋದು ಇಷ್ಟು. ಸರ್ಕಾರಿ ಆಸ್ಪತ್ರೇಲಿ ಔಷಧಿ ಫ್ರೀ ಇರಬೇಕು ಅನ್ನೋ ಮಾತು ಸರಿ, ಪೂರ್ತಿ ಸರಿ. ಫ್ರೀ ಅಂದ್ರೆ ಸರ್ಕಾರ ಟೆಂಡರ್ ಹಾಕಿ ಕೊಂಡು ಕೌಂಟರ್‌ಗೆ ತಂದು ಇಡಬೇಕು, ಅದು ಬಜೆಟ್‌ನಲ್ಲಿ ಖರ್ಚಾಗಿ ಕಾಣುತ್ತೆ. ಕೌಂಟರ್‌ನಲ್ಲಿ ಔಷಧಿ ಖಾಲಿ ಇದ್ದಷ್ಟು ದಿನ ಬಜೆಟ್‌ಗೆ ಉಳಿತಾಯ, ಅದೇ ದುಡ್ಡು ನಮ್ಮ ಜೇಬಿಂದ ಹೊರಗಿನ ಅಂಗಡಿಗೆ ಹೋಗಿರುತ್ತೆ, ಅದನ್ನ ಯಾವ ಪಕ್ಷದವರೂ ಖರ್ಚು ಅಂತ ಎಣಿಸಲ್ಲ. ಜನೌಷಧಿಲೂ ಅಷ್ಟೇ, ರೇಟ್ ಕಮ್ಮಿ, ಆದ್ರೆ ಕೊಡೋರು ನಾವೇ.

ಒಂದು ದಿನದ ವಿಷಯ ಹೇಳ್ತೀನಿ. ಅದೇ ಆಸ್ಪತ್ರೆ ಫ್ರೀ ಕೌಂಟರ್ ಕ್ಯೂನಲ್ಲಿ ನಮ್ಮ ಮುಂದೆ ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸೊಬ್ರು, ಕುತ್ತಿಗೇಲಿ ಇನ್ನೂ ಐಡಿ ಕಾರ್ಡ್ ಇತ್ತು. ಅತ್ತೆಗೆ ಶುಗರ್ ಮಾತ್ರೆ. ಕಿಟಕಿ ಒಳಗಿಂದ ಚೀಟಿಲಿ ಎರಡಕ್ಕೆ ಟಿಕ್, ಮೂರಕ್ಕೆ ಸುತ್ತು ಹಾಕಿ ವಾಪಸ್ ಕೊಟ್ರು, "ಸುತ್ತು ಹಾಕಿರೋದು ಹೊರಗೆ ತಗೊಳ್ಳಿ". ಅವರು ಅಭ್ಯಾಸಕ್ಕೆ ಪಕ್ಕದಲ್ಲಿದ್ದ ಜನೌಷಧಿ ಕಡೆ ತಿರುಗಿದ್ರು. ಶಟರ್ ಎಳೆದಿತ್ತು. ಗೇಟ್ ಎದುರಿನ ಮೆಡಿಕಲ್ಸ್‌ಗೆ ಹೋದ್ರು, ನಾನೂ ಹಿಂದೇನೇ ಹೋದೆ ಬೇರೆ ದಾರಿ ಇರ್ಲಿಲ್ಲ. ಮೂರು ಮಾತ್ರೆಗೆ ರೇಟ್ ಕೇಳಿ, ಪರ್ಸ್ ತೆಗೆದು ನೋಡಿ, "ಅಣ್ಣ, ಹತ್ತು ದಿನದ್ದು ಮಾತ್ರ ಕೊಡಿ" ಅಂದ್ರು. ಫ್ರೀ ಕೌಂಟರ್ ತುಂಬಿದ್ಮೇಲೆ ಪಕ್ಕದ ಅಂಗಡಿ ಮುಚ್ಚಿದ್ರೆ ಯಾರೂ ಕೇಳ್ತಿರ್ಲಿಲ್ಲ, ಮೊದಲು ಮುಚ್ಚಿದ್ದು ತಪ್ಪು ಅಂತಾನೇ ನನ್ನ ಅಭಿಪ್ರಾಯ, ಭಾವ ಬೇಜಾರ್ ಮಾಡ್ಕೊಂಡ್ರೂ ಸರಿ.

ಚಿಕ್ಕಪ್ಪನಿಗೂ ಹೇಳೋದಿದೆ. 70 ದಾಟಿದ ಎಲ್ರಿಗೂ ವರ್ಷಕ್ಕೆ 5 ಲಕ್ಷದ ತನಕ ಆಸ್ಪತ್ರೆ ಖರ್ಚು ಕೊಡೋ ಆಯುಷ್ಮಾನ್ ವಯ ವಂದನ ಕಾರ್ಡ್ ಅಂತ ಕೇಂದ್ರದವರು 2024ರ ಅಕ್ಟೋಬರ್ 29ಕ್ಕೆ ಶುರು ಮಾಡಿದ್ರು, ಸಂಪುಟ ಒಪ್ಪಿದಾಗ ಮೊದಲಿಗೆ ಹೇಳಿದ ಮೊತ್ತ 3,437 ಕೋಟಿ. ಆಯುಷ್ಮಾನ್ ಭಾರತ ಯೋಜನೇಲಿ ಕೇಂದ್ರ 60, ನಮ್ಮ ರಾಜ್ಯ 40 ಪರ್ಸೆಂಟ್ ಹಾಕಬೇಕು. ದೇಶದ ಅಷ್ಟೂ ವಯಸ್ಸಾದೋರಿಗೆ ಆ ದುಡ್ಡು ಸಾಕಾಗುತ್ತಾ, ನಿಜವಾದ ಬಿಲ್‌ನಲ್ಲಿ ರಾಜ್ಯದ ಮೇಲೆ ಎಷ್ಟು ಬೀಳುತ್ತೆ ಅಂತ ಕೇಳೋದು ತಪ್ಪಲ್ಲ, ಅದು ನ್ಯಾಯವಾದ ಪ್ರಶ್ನೆ. ಆದ್ರೆ ನಮ್ಮಂಥ ಎಪಿಎಲ್ ಕಾರ್ಡಿನವರಿಗೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೇಲಿ ಪ್ಯಾಕೇಜ್ ರೇಟಿನ (ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿರೋ ರೇಟಿನ) 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡೋದು, ಉಳಿದ 70 ನಾವೇ ಕಟ್ಟಬೇಕು. ಅಪ್ಪನ ಸ್ಟೆಂಟ್ ಟೈಮಲ್ಲಿ ಅಮ್ಮನ ಎರಡು ಬಳೆ ಹೋಗಿದ್ದು ಇದೇ 70ಕ್ಕೆ. ಕೇಂದ್ರ-ರಾಜ್ಯ ಯಾರು ಎಷ್ಟು ಅಂತ ಬೇಗ ಕೂತು ಮುಗಿಸಿ ಅಂತ ಕೈ ಮುಗಿದು ಕೇಳ್ಕೋಬೇಕು ಅನ್ಸುತ್ತೆ, ಎಪ್ಪತ್ತು ದಾಟಿದೋರಿಗೆ ಕಾಯೋಕೆ ಟೈಮ್ ಇರಲ್ಲ.

ಸರಿ, ಅಂಗಡಿಗೆ ಬರ್ತೀನಿ. ರೇಟಿಗೆ ಐದಕ್ಕೆ ಐದು, ಆ ಹುಡುಗಿಗೆ ಐದು, ಸ್ಟಾಕಿಗೆ ಎರಡೂವರೆ. ಹೋಗೋಕೆ ಮುಂಚೆ ಫೋನ್ ಮಾಡಿ ಕೇಳ್ಕೊಳ್ಳಿ, ಮಾತ್ರೆ ಇನ್ನೂ ಹತ್ತು ದಿನದ್ದು ಉಳಿದಿರೋವಾಗಲೇ ಹೋಗಿ, ಒಂದು ಸಿಗದೇ ಇದ್ರೆ ಬೇರೆ ಅಂಗಡಿ ನೋಡೋಕೆ ಟೈಮ್ ಇರುತ್ತೆ. ಚೀಟಿಲಿ ಔಷಧಿ ಹೆಸರೇ ಬರೆಸ್ಕೊಳ್ಳಿ. ಮನೇಲಿ ಬಣ್ಣ ನೋಡಿ ನುಂಗೋರು ಇದ್ರೆ ಸ್ಕೆಚ್ ಪೆನ್ ಮರೀಬೇಡಿ.