ಮದುವೆ ಕೇಟರಿಂಗ್: ಹೋಳಿಗೆಗೆ ನಾಲ್ಕು ಸ್ಟಾರ್, ಬಡಿಸಿದ್ದಕ್ಕೆ ಒಂದೇ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಹಾಲ್‌ನಲ್ಲಿ ನನ್ನ ತಂಗಿಯ ಮಗಳ ಮದುವೆ ಆಯಿತು. ಮಧ್ಯಾಹ್ನದ ಊಟ, ರಾತ್ರಿಯ ರಿಸೆಪ್ಶನ್ ಎರಡನ್ನೂ ಒಬ್ಬರೇ ಕೇಟರಿಂಗ್‌ನವರಿಗೆ ವಹಿಸಿದ್ದೆವು. ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ಎಲ್ಲರೂ ಆ ಒಬ್ಬರನ್ನು ಬೈದು ಸುಮ್ಮನಾಗುತ್ತಾರೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಮದುವೆ ಊಟ ಮಾಡಿದವರಿಗೆ ನಾನು ಯಾವ ವಿಷಯ ಹೇಳುತ್ತಿದ್ದೇನೆ ಅಂತ ಹೇಗೂ ಗೊತ್ತಾಗುತ್ತದೆ.

ಮೊದಲು ಊಟ. ಅಡುಗೆಗೆ ನಿಜಕ್ಕೂ ಹೆಸರಿಡುವ ಹಾಗಿಲ್ಲ. ಅನಾನಸಿನ ಮೆಣಸ್ಕಾಯಿ ಹದವಾಗಿತ್ತು, ಬೆಲ್ಲ ಜಾಸ್ತಿ ಸುರಿದು ಹಾಳು ಮಾಡಿರಲಿಲ್ಲ. ಮೇಲಾರ ಚೆನ್ನಾಗಿತ್ತು. ಹೋಳಿಗೆ ಮೆತ್ತಗೆ, ಕಾಯಿಹಾಲು ಆಗ ತಾನೇ ಹಿಂಡಿದ್ದು. ಸಾರು ಮಾತ್ರ ಎರಡನೇ ಹಂತಿಗೆ ಬರುವಾಗ ನೀರಾಗಿತ್ತು, ಅದು ಎಲ್ಲ ಮದುವೆಯಲ್ಲೂ ಇದ್ದದ್ದೇ. ರೇಟ್ ಬೇರೆಯವರಿಗಿಂತ ಎಲೆಗೆ 30 ರೂಪಾಯಿ ಕಡಿಮೆ. ನಮ್ಮ ಭಾವ ಚೌಕಾಸಿ ಮಾಡಿ ಇಳಿಸಿದ್ದು, ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಆ 30 ರೂಪಾಯಿ ಎಲ್ಲಿಂದ ಉಳಿಯಿತು ಅಂತ ಗೊತ್ತಾದದ್ದು ಕೈ ತೊಳೆಯಲು ಹೋದಾಗ.

ಹಿಂದಿನ ಬಾಗಿಲ ಹತ್ತಿರ ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದ. ಹನ್ನೊಂದೋ ಹನ್ನೆರಡೋ ವರ್ಷ ಇರಬಹುದು. ಕೇಟರಿಂಗ್‌ನವರ ಟೀಶರ್ಟು ಮೊಣಕಾಲಿನವರೆಗೆ ಇಳಿದಿತ್ತು. ಯಾವ ಕ್ಲಾಸು ಅಂತ ಕೇಳಿದೆ. "ಸಾಲಿಗೆ ಹೋಗಂಗಿಲ್ರೀ, ಅಪ್ಪ ಕಲ್ಲಿನ ಕೋರ್ಯಾಗ ಅದಾನ" ಅಂದ. ಅಷ್ಟರಲ್ಲಿ ಮಾಲೀಕರು ಬಂದರು. "ಅಕ್ಕಾ, ಇವ ನನ್ನ ಅಕ್ಕನ ಮಗ, ರಜೆ ಅಲ್ವಾ, ಸುಮ್ನೆ ಜೊತೆಗೆ ಬಂದಿದ್ದಾನೆ." ಇವರು ಕುಂಬಳೆಯ ಕನ್ನಡ, ಹುಡುಗ ಗದಗದ ಕಡೆಯ ಕನ್ನಡ. ಅಕ್ಕನನ್ನು ಯಾವಾಗ ಅಲ್ಲಿಗೆ ಕೊಟ್ಟರೋ ಕೇಳಬೇಕಿತ್ತು.

ಆದರೆ ಅವರು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದಲ್ಲ. ಕಾನೂನಿನ ಯಾವ ಬಾಗಿಲು ಸ್ವಲ್ಪ ತೆರೆದಿದೆ ಅಂತ ಗೊತ್ತಿದ್ದೇ ಹೇಳಿದ್ದು. ಬಾಲಕಾರ್ಮಿಕ ಕಾಯ್ದೆ 1986ರದ್ದು. 2016ರಲ್ಲಿ ತಿದ್ದುಪಡಿ ಮಾಡಿ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತ ಮಾಡಿದರು. ಹೋಟೆಲ್, ಧಾಬಾ, ಚಹಾದಂಗಡಿ, ಮನೆಗೆಲಸಕ್ಕೆಲ್ಲ 2006ರ ಅಕ್ಟೋಬರ್ 10ರಿಂದಲೇ ನಿಷೇಧ ಇತ್ತು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ವಿನಾಯಿತಿ ಇಟ್ಟರು: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಮನೆಯವರ ಕಸುಬಿಗೆ ಸಹಾಯ ಮಾಡಬಹುದು. ಮನೆಯವರು ಅಂದರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಮಾತ್ರ ಅಲ್ಲ, ಅಪ್ಪನ ಒಡಹುಟ್ಟಿದವರು, ಅಮ್ಮನ ಒಡಹುಟ್ಟಿದವರು ಕೂಡ. ಸೋದರಮಾವ ಆದರೆ ಆಯಿತು! ನನ್ನ ಪ್ರಕಾರ ಈ ವಿನಾಯಿತಿಯನ್ನು ಇಷ್ಟು ಅಗಲ ಮಾಡಿದ್ದೇ ತಪ್ಪು, ಸಿಕ್ಕಿಬಿದ್ದವರೆಲ್ಲ ಮಾವಂದಿರಾಗುತ್ತಾರೆ. ಆದರೂ ನಿಯಮದಲ್ಲಿ ಒಂದು ಬಿಗಿ ಇದೆ. ನಿಜವಾದ ಮಾವನೇ ಆದರೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಮಗುವಿನಿಂದ ಆ ಸಹಾಯವನ್ನೂ ಪಡೆಯುವಂತಿಲ್ಲ.

ರಾತ್ರಿ ರಿಸೆಪ್ಶನ್‌ಗೆ ಆ ಹುಡುಗ ಇನ್ನೂ ಅಲ್ಲೇ ಇದ್ದ.

ನಮ್ಮವರಲ್ಲಿ ಕೆಲವರು "ಎಂತ ಮಹಾ, ನಾವೂ ಚಿಕ್ಕವರಿರುವಾಗ ಬಡಿಸಿಲ್ವಾ" ಅಂದರು. ಬಡಿಸಿದ್ದೇವೆ. ಹಿಂದಿನ ದಿನವೇ ತರಕಾರಿ ಹೆಚ್ಚುವುದಕ್ಕೆ ಹೋಗಿದ್ದೇವೆ, ಉಪ್ಪು ಬಡಿಸುವ ಕೆಲಸ ಯಾವಾಗಲೂ ಮಕ್ಕಳದ್ದೇ. ಆದರೆ ಅದು ಪಕ್ಕದ ಮನೆಯ ಮದುವೆ. ಸಾಕಾದರೆ ಬಿಟ್ಟು ಆಡಲು ಓಡಬಹುದಿತ್ತು, ಮೊದಲ ಹಂತಿಯಲ್ಲೇ ಊಟಕ್ಕೂ ಕೂರಿಸುತ್ತಿದ್ದರು. ಇಲ್ಲಿ ಟೀಶರ್ಟು ಹಾಕಿಸಿ, ದಿನಕ್ಕಿಷ್ಟು ಅಂತ ಮಾತಾಡಿ, ಕೊನೆಯ ಪಾತ್ರೆ ಗಾಡಿಗೆ ಏರುವವರೆಗೆ ನಿಲ್ಲಿಸಿಕೊಳ್ಳುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು ಬಡಿಸುವ ಹುಡುಗರು. ಇವರು ಹೆಚ್ಚಿನವರು ಪ್ಲಸ್ ಒನ್, ಪ್ಲಸ್ ಟು (ಅಂದರೆ ಪಿಯುಸಿ) ಮಕ್ಕಳು, ಹದಿನೈದು ಹದಿನಾರು ವರ್ಷ. ಫೋನ್ ರೀಚಾರ್ಜು, ಬಟ್ಟೆ, ಕೆಲವರಿಗೆ ಟ್ಯೂಷನ್ ಫೀಸು ಕೂಡ ಇದರಿಂದಲೇ. ಇವರು ದುಡಿಯಲೇಬಾರದು ಅಂತ ನಾನು ಹೇಳುವುದಿಲ್ಲ, ಕಾನೂನೂ ಹೇಳುವುದಿಲ್ಲ. 14ರಿಂದ 18ರೊಳಗಿನವರಿಗೆ ಗಣಿ, ಸ್ಫೋಟಕ, ಬೆಂಕಿ ಹತ್ತುವ ವಸ್ತು, ಅಪಾಯದ ಕಾರ್ಖಾನೆ ಕೆಲಸ ಇವು ಪೂರ್ತಿ ನಿಷಿದ್ಧ. ಬೇರೆ ಕೆಲಸ ಮಾಡಬಹುದು, ಆದರೆ ಲೆಕ್ಕ ಇದೆ. ಮೂರು ಗಂಟೆ ಕೆಲಸವಾದರೆ ಒಂದು ಗಂಟೆ ಬಿಡುವು, ಕಾಯುವುದು, ಬಿಡುವು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ. ಸಂಜೆ 7ರ ನಂತರ ಇವರಿಗೂ ಕೆಲಸ ಇಲ್ಲ. ಬೆಳಿಗ್ಗೆ ತಿಂಡಿಗೆ ಬಂದವರು ರಾತ್ರಿ ಹನ್ನೊಂದಕ್ಕೆ ಪಿಕಪ್‌ನ ಹಿಂದೆ ಪಾತ್ರೆಗಳ ಮಧ್ಯೆ ಕೂತು ಹೋಗುವುದನ್ನು ಈ ಲೆಕ್ಕದಲ್ಲಿ ಎಲ್ಲಿ ತುರುಕಿಸುತ್ತೀರಿ? ಕುದಿಯುವ ಸಾಂಬಾರಿನ ಬಕೆಟು ಹಿಡಿದು ಒದ್ದೆ ನೆಲದಲ್ಲಿ ಓಡುವುದು ಬೇರೆ.

ಒಬ್ಬ ಹುಡುಗನ ಹತ್ತಿರ ಮಾತಾಡಿದೆ. ಕಳೆದ ಮದುವೆಯ ದುಡ್ಡೇ ಬಂದಿಲ್ಲ, ಕೇಳಿದರೆ ಮುಂದಿನ ಸಲ ಕರೆಯುವುದಿಲ್ಲ ಅಂದ. ಇದನ್ನು ಕೇಟರಿಂಗ್‌ನವರು ಸಣ್ಣ ವಿಷಯ ಅಂದುಕೊಂಡಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಸಂಬಳ ಹಿಡಿದಿಟ್ಟುಕೊಂಡರೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಇನ್ನು 14ರ ಕೆಳಗಿನವರನ್ನು ಕೆಲಸಕ್ಕೆ ಇಟ್ಟರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ದಂಡ, ಎರಡೂ ಆಗಬಹುದು. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ. ಅಪ್ಪ ಅಮ್ಮನಿಗೆ ಮೊದಲ ಸಲಕ್ಕೆ ಶಿಕ್ಷೆ ಇಲ್ಲ, ಅದು ಸರಿಯೇ ಅನಿಸುತ್ತದೆ.

ಯಾಕೆಂದರೆ ಕಲ್ಲಿನ ಕೋರೆಯ ಆ ಅಪ್ಪನನ್ನು ಬೈದು ಏನು ಸಿಗುತ್ತದೆ? ಘಟ್ಟದ ಮೇಲಿಂದ ಕೆಲಸ ಹುಡುಕಿಕೊಂಡು ಬಂದ ಮನೆಗಳ ಕಥೆ ಹೆಚ್ಚುಕಡಿಮೆ ಒಂದೇ. ಮಳೆ ಕೈಕೊಡುತ್ತದೆ, ಮೇಸ್ತ್ರಿ ಮುಂಗಡ ಕೊಡುತ್ತಾನೆ, ಶಾಲೆ ಅರ್ಧಕ್ಕೆ ಬಿಟ್ಟು ಇಡೀ ಮನೆ ಗಂಟುಮೂಟೆ ಕಟ್ಟುತ್ತದೆ. ಇಲ್ಲಿಗೆ ಬಂದ ಮೇಲೆ ಮಗುವನ್ನು ಶೆಡ್ಡಿನಲ್ಲಿ ಒಂಟಿಯಾಗಿ ಬಿಡುವುದಕ್ಕಿಂತ ಊಟ ಸಿಗುವ ಕಡೆ ಕಳಿಸಿದರೆ ವಾಸಿ ಅಂತ ಅವರಿಗೆ ಅನಿಸುತ್ತದೆ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಊರಲ್ಲಿದೆ, ಮಲಯಾಳಂ ಬರುವುದಿಲ್ಲ, ಹಾಗಾಗಿ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಅಂತ ತಾವೇ ತೀರ್ಮಾನ ಮಾಡಿಬಿಡುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕೆಲ್ಲ ಉತ್ತರ ಇದೆ. ವಯಸ್ಸಿನ ದಾಖಲೆ ಇಲ್ಲ ಅಂತಲೋ, ಟಿಸಿ ತಡ ಆಯಿತು ಅಂತಲೋ ಸರ್ಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಅದಲ್ಲದೆ ಇದು ಕಾಸರಗೋಡು. ಗದಗದ ಮಗುವಿಗೆ ಕನ್ನಡ ಮೀಡಿಯಂ ಸರ್ಕಾರಿ ಶಾಲೆ, ಮಧ್ಯಾಹ್ನದ ಊಟ ಎರಡೂ ಸಿಗುವ ಜಾಗ ಕೇರಳದಲ್ಲಿ ಬೇರೆ ಎಷ್ಟಿವೆ? ಇದನ್ನು ಆ ಅಪ್ಪನಿಗೆ ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಕೇರಳದಲ್ಲಿ ಬಾಲಕಾರ್ಮಿಕರು ಎಲ್ಲಿದ್ದಾರೆ ಅಂತ ಕೇಳುವವರೂ ಇದ್ದಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು ಒಂದು ಕೋಟಿಗೂ ಹೆಚ್ಚು. ಅಂಥ ಮಕ್ಕಳಲ್ಲಿ ಊರು ಬಿಟ್ಟು ಇಲ್ಲಿಗೆ ಬಂದವರು ಮದುವೆ ಹಾಲ್‌ನ ಹಿಂದುಗಡೆ ಇರುತ್ತಾರೆ, ನಾವು ಮುಂದುಗಡೆ ಫೋಟೋ ತೆಗೆಸುತ್ತಿರುತ್ತೇವೆ.

ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ದುಡ್ಡು ಬೇಡ, ದಿನದ 24 ಗಂಟೆಯೂ ಇರುತ್ತದೆ, 2023ರಿಂದ ಇದನ್ನು ಸರ್ಕಾರವೇ ನಡೆಸುತ್ತಿದೆ. ಜಾಗ ಎಲ್ಲಿ, ಮಗುವಿಗೆ ಅಂದಾಜು ಎಷ್ಟು ವರ್ಷ, ಈಗ ಅಲ್ಲೇ ಇದೆಯಾ ಅಂತ ಕೇಳಿ ಬರೆದುಕೊಂಡರು. ಕೆಲಸದಿಂದ ಬಿಡಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು, ಮುಂದೆ ಮನೆಗೋ ಹಾಸ್ಟೆಲಿಗೋ ಅಂತ ನಿರ್ಧರಿಸುವುದು ಅವರೇ. ಹುಡುಗನನ್ನು ಲಾಕಪ್ಪಿಗೆ ಹಾಕುತ್ತಾರೆ ಅಂತ ನಮ್ಮ ಚಿಕ್ಕಮ್ಮ ಹೆದರಿದ್ದರು, ಹಾಗೇನಿಲ್ಲ. ಫೋನಿನಲ್ಲಿ ಮಾತಾಡಲು ಮುಜುಗರ ಇದ್ದವರಿಗೆ ಕೇಂದ್ರ ಸರ್ಕಾರದ ಪೆನ್ಸಿಲ್ ಅನ್ನುವ ವೆಬ್‌ಸೈಟ್ ಇದೆ, ಅಲ್ಲಿ ಹಾಕಿದ ದೂರು ಜಿಲ್ಲೆಯ ನೋಡಲ್ ಅಧಿಕಾರಿಗೆ ಹೋಗುತ್ತದೆ. ಕೇರಳದಲ್ಲಿ ಸುಳಿವು ಕೊಟ್ಟವರಿಗೆ 2,500 ರೂಪಾಯಿ ಬಹುಮಾನವೂ ಇದೆ. ಭಾವನಿಗೆ ಅದನ್ನು ಹೇಳಿದಾಗ ಎಷ್ಟು ಎಲೆಯ ದುಡ್ಡು ಅಂತ ಲೆಕ್ಕ ಹಾಕಿದರು, ಪುಣ್ಯಾತ್ಮ.

ಬುಕ್ ಮಾಡುವವರಿಗೆ ಹೇಳುವುದಿಷ್ಟೆ. ರುಚಿ ನೋಡಲು ಕರೆಯುತ್ತಾರಲ್ಲ, ಆಗಲೇ ಬಡಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು ಅಂತ ಕೇಳಿ. ರಾತ್ರಿ ಕಾರ್ಯಕ್ರಮಕ್ಕೆ 18 ದಾಟಿದವರು ಮಾತ್ರ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ನೋಡಿ. ಕೇಟರಿಂಗ್‌ನವರ ಮೇಲೆ ಮಾತ್ರ ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಎಲೆಗೆ ಇಪ್ಪತ್ತು ಮೂವತ್ತು ಇಳಿಸಿ ಅಂತ ಹಿಂಡಿದರೆ ಅವರು ತೆಂಗಿನಕಾಯಿಯಲ್ಲಿ ಇಳಿಸುವುದಿಲ್ಲ, ಕೂಲಿಯಲ್ಲೇ ಇಳಿಸುವುದು.

ಮಾವನ ಷಷ್ಟ್ಯಬ್ದಿಗೆ ಬೇರೆಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ರೇಟ್ ಸ್ವಲ್ಪ ಜಾಸ್ತಿಯೇ, ಆದರೆ ಬಡಿಸುವವರ ವಯಸ್ಸಿನ ಬಗ್ಗೆ ಕೇಳಿದಾಗ ತಡವರಿಸದೆ ಬರೆದುಕೊಟ್ಟರು. ಊಟ ಹೇಗಿತ್ತು ಅಂತ ಆಮೇಲೆ ಹಾಕುತ್ತೇನೆ.