850 ರೂಪಾಯಿಯ ಬಾಲ, 5,200 ರೂಪಾಯಿಯ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು 850 ರೂಪಾಯಿಯದ್ದು. ಗೇಣುದ್ದವೂ ಇಲ್ಲದ ವೈರು. ಒಂದು ತುದಿಗೆ ಟೈಪ್-ಸಿ, ಇನ್ನೊಂದು ತುದಿಗೆ ಇಯರ್‌ಫೋನ್ ಚುಚ್ಚುವ ತೂತು. ಅಂಗಡಿಯವರು ಡಾಂಗಲ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಇದಕ್ಕೆ ಬಾಲ ಅಂತಲೇ ಹೆಸರು. ಇದರ ಜೊತೆಗೆ ಇದೇ ಕೆಲಸಕ್ಕೆ 5,200 ಕೊಟ್ಟು ತರಿಸಿದ ಒಂದು ಲೋಹದ ಡಬ್ಬಿಯೂ ಇತ್ತು. ಎರಡನ್ನೂ ಮೂರು ತಿಂಗಳು ಮಂಡ್ಯ–ಮೈಸೂರು ರೈಲಿನಲ್ಲಿ ಹೊತ್ತು ತಿರುಗಿದ್ದೇನೆ. ಡಬ್ಬಿಗೆ ದುಡ್ಡು ಸುರಿದ ಹೊಟ್ಟೆಯುರಿ ಇನ್ನೂ ಸ್ವಲ್ಪ ಉಳಿದಿದೆ. ಹಾಗಾಗಿ ಮಾತು ಒಂದು ಕಡೆಗೆ ವಾಲಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕತೆ ಶುರುವಾಗಿದ್ದು ಹಳೇ ಫೋನು ಸತ್ತಾಗ. ಅದರಲ್ಲಿ 3.5 ಎಂಎಂ ತೂತು ಇತ್ತು, ಹೊಸದರಲ್ಲಿ ಇಲ್ಲ. ನನ್ನ ಹತ್ತಿರ 1,600 ರೂಪಾಯಿಯ ವೈರ್ ಇಯರ್‌ಫೋನ್ ಇದೆ, ಅದರ ಮೇಲೆ ನನಗೆ ಸ್ವಲ್ಪ ವ್ಯಾಮೋಹ. ಬ್ಲೂಟೂತ್ ತಗೋ ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. ಬ್ಯಾಟರಿ ಸತ್ತ ಎರಡು ನೆಕ್‌ಬ್ಯಾಂಡ್ ನಮ್ಮ ಮನೆ ಡ್ರಾಯರ್‌ನಲ್ಲಿ ಮಲಗಿವೆ, ಅಷ್ಟು ಸಾಕು.

ಇವೆರಡಕ್ಕಿಂತ ಮುಂಚೆ ಇನ್ನೊಂದು ಕೊಂಡಿದ್ದೆ. ಮೈಸೂರಿನ ದೇವರಾಜ ಅರಸ್ ರಸ್ತೆಯ ಒಂದು ಅಂಗಡಿಯಲ್ಲಿ, 120 ರೂಪಾಯಿ. ನೋಡಲು ಥೇಟ್ ಬಾಲದ ಹಾಗೇ ಇತ್ತು. "ಎಲ್ಲಾ ಫೋನಿಗೂ ಆಗುತ್ತೆ ಸಾರ್" ಅಂದರು. ನನ್ನ ಫೋನಿಗೆ ಆಗಲಿಲ್ಲ. ವಾಪಸ್ ಕೇಳಿದರೆ ಪ್ಯಾಕೆಟ್ ಹರಿದಿದೆ ಅಂದರು. ಹರಿಯದೆ ಹೇಗೆ ಹಾಕಿ ನೋಡುವುದು?

ಯಾಕೆ ಆಗಲಿಲ್ಲ ಅನ್ನುವುದು ಆಮೇಲೆ ಅರ್ಥವಾಯಿತು. ಫೋನಿನೊಳಗಿನ ಹಾಡು ಬರೀ ಅಂಕಿಗಳ ಸಾಲು. ಸಿಡಿ ಲೆಕ್ಕದಲ್ಲಿ ಹೇಳುವುದಾದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಬರೆದಿಟ್ಟ ಅಂಕಿಗಳು. ಇಯರ್‌ಫೋನಿಗೆ ಅಂಕಿ ಗೊತ್ತಿಲ್ಲ, ಅದಕ್ಕೆ ಬೇಕಾದ್ದು ವೋಲ್ಟೇಜಿನ ಏರಿಳಿತ. ನಡುವೆ ಅಂಕಿಯನ್ನು ವೋಲ್ಟೇಜ್ ಮಾಡಿಕೊಡುವ ಚಿಪ್ ಒಂದು ಬೇಕು, ಅದೇ ಡ್ಯಾಕ್. ತೂತು ಇದ್ದ ಫೋನಿನಲ್ಲಿ ಅದು ಒಳಗೇ ಇತ್ತು. ತೂತು ತೆಗೆದ ಕೆಲವು ಫೋನುಗಳು ಒಳಗೇ ಕೆಲಸ ಮುಗಿಸಿ ಟೈಪ್-ಸಿ ಮೂಲಕ ಸದ್ದನ್ನೇ ಕಳಿಸುತ್ತವೆ, ಅಂಥವಕ್ಕೆ 120 ರೂಪಾಯಿಯದ್ದು ಸಾಕು, ಯಾಕೆಂದರೆ ಅದರೊಳಗೆ ಇರುವುದು ತಂತಿ ಮಾತ್ರ. ನನ್ನ ಫೋನು ಅಂಕಿಯನ್ನೇ ಹೊರಗೆ ದೂಡುತ್ತದೆ. ಅದಕ್ಕೆ ಚಿಪ್ ಬಾಲದೊಳಗೇ ಇರಬೇಕು. ನೀವು ಕೊಳ್ಳುವಾಗ ಪೊಟ್ಟಣದ ಮೇಲೆ ಡ್ಯಾಕ್ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಮುಟ್ಟಬೇಡಿ.

ಸರಿ, ಬಾಲ ಬಂತು. ಚುಚ್ಚಿದೆ. ಅದೂ ಕೆಲಸ ಮಾಡಲಿಲ್ಲ.

ಈ ವಿಷಯವನ್ನು ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಇದರಿಂದ ನಾನು ಒಳ್ಳೇ ಮಾಲನ್ನು ವಾಪಸ್ ಕಳಿಸುವುದರಲ್ಲಿದ್ದೆ. ರಿಟರ್ನ್ ಒತ್ತಿಯೂ ಆಗಿತ್ತು. ಕೊರಿಯರ್ ಹುಡುಗ ನಾಳೆ ಬರುವವನಿದ್ದ. ಆವತ್ತು ಸಂಜೆ ಭಾವನ ಮಗ, ಪಿಯುಸಿ ಓದುವವನು, ನನ್ನ ಫೋನು ಕಿತ್ತುಕೊಂಡು ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ ಅಂತ ಇದ್ದ ಒಂದು ಸ್ವಿಚ್ ಒತ್ತಿದ. ಹಾಡು ಕಿವಿಗೆ ಬಂತು. ಟೈಪ್-ಸಿ ತೂತಿಗೆ ಹೊರಗಿನ ಯಾವುದೇ ಸಾಮಾನು ಸಿಕ್ಕಿಸಿದರೆ ಅದಕ್ಕೆ ಫೋನೇ ಕರೆಂಟು ಕೊಡಬೇಕು ಅಲ್ವಾ? ಕೆಲವು ಫೋನುಗಳಲ್ಲಿ ಆ ಕರೆಂಟು ಕೊಡುವ ಕೆಲಸಕ್ಕೇ ಬೇರೆ ಸ್ವಿಚ್ ಇಟ್ಟಿರುತ್ತಾರೆ. ಆಫ್ ಇದ್ದರೆ ಬಾಲಕ್ಕೆ ಜೀವವೇ ಬರುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ಸ್ವಿಚ್ಚು ಹತ್ತು ನಿಮಿಷ ಉಪಯೋಗಿಸದಿದ್ದರೆ ತಾನಾಗೇ ಆಫ್ ಆಗುತ್ತದೆ, ಬ್ಯಾಟರಿ ಉಳಿಸುವುದಕ್ಕಂತೆ. ಬೆಳಿಗ್ಗೆ ಆನ್ ಮಾಡಿ ಮೈಸೂರು ತನಕ ಕೇಳಿದೆ. ಸ್ಟೇಷನ್ನಿನಲ್ಲಿ ಕಿತ್ತು ಜೇಬಿಗೆ ಹಾಕಿದೆ. ಸಂಜೆ ರೈಲು ಹತ್ತಿ ಮತ್ತೆ ಚುಚ್ಚಿದರೆ ಮತ್ತೆ ಸತ್ತಿದೆ. ದಿನಕ್ಕೆ ಎರಡು ಸಲ ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಇನ್ನಷ್ಟು ಸೆಟ್ಟಿಂಗ್ಸ್ ಅನ್ನುವುದರ ಒಳಗೆ ಇಳಿದು, ಆ ಸ್ವಿಚ್ ಹುಡುಕಬೇಕು. ಮರೆತರೆ ಏನಾಗುತ್ತದೆ ಅಂದರೆ, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಗಂಭೀರವಾಗಿ ಪ್ಲೇ ಒತ್ತುತ್ತೀರಿ, ಹಾಡು ಫೋನಿನ ಸ್ಪೀಕರಿನಿಂದ ಇಡೀ ಬೋಗಿಗೆ ಕೇಳಿಸುತ್ತದೆ. ನನಗೆ ಇದು ಪಾಂಡವಪುರದಲ್ಲಿ ಆಯಿತು. ನಾನು ವೀಣೆ ಕೇಳುವವನು ಅಂತ ಪಾಸಿನವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ. ಆವತ್ತು ಹಾಕಿದ್ದು ಕಬ್ಬಿನ ಟ್ರ್ಯಾಕ್ಟರ್‌ನಲ್ಲಿ ಹಾಕುವಂಥ ಹಾಡು. ಎದುರಿನ ಸೀಟಿನ ಮೇಡಂ ಇವತ್ತಿಗೂ ನನ್ನನ್ನು ನೋಡಿ ನಗುತ್ತಾರೆ.

ಪರಿಹಾರ ಸುಲಭ. ಪರದೆಯನ್ನು ಮೇಲಿಂದ ಕೆಳಗೆ ಎಳೆದರೆ ಬರುವ ಬಟನ್‌ಗಳ ಗುಂಪಿಗೆ ಒಟಿಜಿಯನ್ನೂ ಎಳೆದು ಹಾಕಿಕೊಳ್ಳಿ. ಒಂದು ಒತ್ತಿನ ಕೆಲಸ. ಈಗ ನನಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟೇ ಅಭ್ಯಾಸವಾಗಿದೆ. ಆದರೂ ಮೊದಲ ತಿಂಗಳು ಪಟ್ಟ ಪಾಡಿಗೆ ಬಾಲವನ್ನು ಸುಮ್ನೆ ಬೈದೆ. ತಪ್ಪು ಅದರದ್ದಲ್ಲ, ಡಬ್ಬಿಗೂ ಇದೇ ಗತಿ.

ಹಾಗಾದರೆ ಡಬ್ಬಿ ಯಾಕೆ ಬಂತು? ಆಸೆ. ಡ್ಯಾಕ್ ಅನ್ನುವ ಪದ ಕಲಿತ ಮೇಲೆ ರಾತ್ರಿ ಕೂತು ವಿಡಿಯೋ ನೋಡಿದೆ. ಪರದೆ ಸರಿದ ಹಾಗೆ, ಮಂಜು ಕರಗಿದ ಹಾಗೆ ಅಂತೆಲ್ಲ ಹೇಳುತ್ತಿದ್ದರು. 32 ಬಿಟ್, 384 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 3,84,000 ಸಲ ಅಳೆದ ಅಂಕಿಯನ್ನೂ ಓದುತ್ತದಂತೆ), ಎರಡು ತೂತು. ತರಿಸಿದೆ. ಹಾಕಿದ ಮೊದಲ ದಿನ ನನಗೂ ಪರದೆ ಸರಿದ ಹಾಗೇ ಆಯಿತು, ಸುಳ್ಳು ಹೇಳುವುದಿಲ್ಲ. ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು, ಪಕ್ಕದಲ್ಲಿ ತಾಳದ ತಂತಿ ಮೂರು ಇರುತ್ತವೆ. ದೊರೆಸ್ವಾಮಿ ಅಯ್ಯಂಗಾರ್ ಅವರ ಒಂದು ರೆಕಾರ್ಡಿಂಗ್ ಹಾಕಿಕೊಂಡು ಆ ಮೂರು ತಂತಿಯ ಮೀಟನ್ನೇ ಕಾದು ಕೂತೆ. ಡಬ್ಬಿಯಲ್ಲಿ ಎದ್ದು ಕೇಳಿಸಿತು, ಬಾಲದಲ್ಲಿ ಮಂಕು. ಹೆಂಡತಿಗೂ ಕೇಳಿಸಿದೆ, ಅವಳೂ ಹೌದು ಅಂದಳು. ಒಂದು ವಾರ ಖುಷಿಯಲ್ಲೇ ಇದ್ದೆ.

ಆಮೇಲೆ ಮಂಡ್ಯದಲ್ಲಿ ಟಿವಿ ರಿಪೇರಿ ಮಾಡುವ ಗೆಳೆಯನೊಬ್ಬನ ಹತ್ತಿರ ಇದನ್ನು ಜಂಬದಿಂದ ಹೇಳಿದೆ. ಅವನು ಎರಡನ್ನೂ ತಾ ಅಂದ. 50 ಹರ್ಟ್ಸ್‌ನ ಒಂದೇ ಸಮನೆ ಗುಂಯ್ ಅನ್ನುವ ಸದ್ದನ್ನು ಫೋನಿನಲ್ಲಿ ಹಾಕಿಸಿ, ಇಯರ್‌ಫೋನ್ ಸಿಕ್ಕಿಸಿಟ್ಟೇ ಮಲ್ಟಿಮೀಟರ್ ಹಿಡಿದ. ನಮ್ಮ ಮನೆ ಕರೆಂಟು 50 ಹರ್ಟ್ಸ್ ತಾನೇ, ಮೀಟರ್‌ಗಳು ಆ ಮಟ್ಟದ ಎಸಿಯನ್ನು ಸರಿಯಾಗಿ ಓದುತ್ತವೆ. ಫೋನಿನ ವಾಲ್ಯೂಮ್ ಒಂದೇ ಇದ್ದರೂ ಡಬ್ಬಿಯಿಂದ ಬಾಲದ ಎರಡರಷ್ಟು ವೋಲ್ಟೇಜ್ ಬರುತ್ತಿತ್ತು. ಅಂದರೆ 6 ಡೆಸಿಬೆಲ್ ಜಾಸ್ತಿ. ನನಗೆ ಸರಿದದ್ದು ಪರದೆಯಲ್ಲ ಮಾರಾಯ್ರೇ, ವಾಲ್ಯೂಮು!

ಕಿವಿಯ ಗುಣವೇ ಹಾಗೆ. ಎರಡು ಸದ್ದಿನಲ್ಲಿ ಒಂದು ಚೂರು ಜೋರಿದ್ದರೆ ಅದು ಜೋರು ಅಂತ ಹೊಳೆಯುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಗೆಳೆಯ ಪ್ಲೇಯರ್ ಆ್ಯಪ್‌ನ ಸಣ್ಣ ಸಣ್ಣ ಹೆಜ್ಜೆಯ ವಾಲ್ಯೂಮ್ ಇಟ್ಟುಕೊಂಡು ಎರಡಕ್ಕೂ ಮೀಟರ್‌ನಲ್ಲಿ ಒಂದೇ ಅಂಕಿ ಬರುವ ಜಾಗ ಗುರುತು ಮಾಡಿಕೊಟ್ಟ. ಭಾನುವಾರ ಮನೆಯಲ್ಲಿ ನಾನು ಗೋಡೆಗೆ ಮುಖ ಮಾಡಿ ಕೂತೆ. ಹೆಂಡತಿ ಪ್ರತಿ ಸಲ ನಾಣ್ಯ ಚಿಮ್ಮಿ, ಬಾಲ ಇಲ್ಲಾ ಡಬ್ಬಿ ಹಾಕಿದಳು. ಹತ್ತು ಸಲ. ನಾನು ಸರಿಯಾಗಿ ಹೇಳಿದ್ದು ಆರು. ಆರು ಅಂದಾಗ ಮೊದಲು ಹೆಮ್ಮೆಯಾಯಿತು. ಆಮೇಲೆ ಲೆಕ್ಕ ಹಾಕಿದರೆ, ಏನೂ ಕೇಳಿಸಿಕೊಳ್ಳದೆ ಬರೀ ಊಹೆ ಹೊಡೆದರೂ ಹತ್ತಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ಸುಮಾರು ನೂರಕ್ಕೆ 38. ತಾಳದ ತಂತಿ ಬಾಲದಲ್ಲೂ ಅಷ್ಟೇ ಚೆನ್ನಾಗಿ ಕೇಳುತ್ತಿತ್ತು.

ಪವರ್ ಲೆಕ್ಕ ನೋಡಿದರೂ ಡಬ್ಬಿಗೆ ಕೆಲಸ ಇಲ್ಲ. ನನ್ನ ಇಯರ್‌ಫೋನ್ ಕರೆಂಟಿಗೆ ಒಡ್ಡುವ ಅಡ್ಡಿ 16 ಓಮ್, ಒಂದು ಮಿಲಿವ್ಯಾಟ್ ಕೊಟ್ಟರೆ 105 ಡೆಸಿಬೆಲ್ ಕೂಗುತ್ತದೆ ಅಂತ ಪೊಟ್ಟಣದ ಮೇಲೆ ಇದೆ. ಬಾಲ ಪೂರ್ತಿ ವಾಲ್ಯೂಮ್‌ನಲ್ಲಿ ಒಂದು ವೋಲ್ಟ್ ಕೊಡುತ್ತದೆ. 16 ಓಮ್‌ಗೆ ಒಂದು ವೋಲ್ಟ್ ಅಂದರೆ 62 ಮಿಲಿವ್ಯಾಟ್. ಕಿವಿ ಹರಿದುಹೋಗುವಷ್ಟಾಯಿತು. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ಒಳಗೇ ಇರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

384 ಕಿಲೋಹರ್ಟ್ಸ್ ಕತೆಯೂ ಅಷ್ಟೇ. ಮಾಮೂಲಿ ಆ್ಯಪ್‌ನಿಂದ ಹಾಡು ಹಾಕಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಅದನ್ನು 48 ಕಿಲೋಹರ್ಟ್ಸ್‌ಗೆ ಬದಲಿಸಿಯೇ ಕಳಿಸುತ್ತದೆ. ಅದನ್ನು ದಾಟಿ ನೇರ ಕಳಿಸುವ ಆ್ಯಪ್‌ಗಳಿವೆ, ಅದಕ್ಕೆ ಬೇರೆ ದುಡ್ಡು. ನಾನು ಅರ್ಧ ಹಾಡು ಕೇಳುವುದು ಯೂಟ್ಯೂಬಿನಲ್ಲಿ, ಉಳಿದರ್ಧ ಹಳೇ ರೇಡಿಯೋ ಕಛೇರಿಗಳು. ಆಕಾಶವಾಣಿ ಎಂಬ ಹೆಸರೇ ಮೈಸೂರಿನದ್ದು, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಸ್ಟೇಷನ್ನಿನಿಂದ ಬಂದದ್ದು, ಆ ಅಭಿಮಾನ ನನಗೂ ಇದೆ. ಆದರೆ ಹಳೇ ಟೇಪಿನ ಸರಸರ ಸದ್ದು ಟೇಪಿನಲ್ಲೇ ಇದೆ. ಒಳ್ಳೇ ಡ್ಯಾಕ್ ಅದನ್ನೂ ನಿಯತ್ತಾಗಿ ಕೇಳಿಸುತ್ತದೆ.

ಹಾಗಂತ ಡ್ಯಾಕ್‌ನಿಂದ ಏನೂ ಬದಲಾಗುವುದಿಲ್ಲ ಅಂತಲ್ಲ. ಒಂದು ಕಡೆ ಪಕ್ಕಾ ಬದಲಾಯಿತು, ಅದು ಆಫೀಸಿನ ಲ್ಯಾಪ್‌ಟಾಪ್. ಅದರ ತೂತಿಗೆ ಇಯರ್‌ಫೋನ್ ನೇರ ಹಾಕಿದರೆ ಹಿಂದೆ ಸದಾ ಹಿಸ್ಸ್ ಅನ್ನುವ ಸದ್ದು, ಮೌಸ್ ಅಲ್ಲಾಡಿಸಿದರೆ ಕಿರ್ ಕಿರ್. ಒಳಗಿನ ಬೋರ್ಡಿನ ಗಲಾಟೆಯೆಲ್ಲ ಸದ್ದಿನ ದಾರಿಗೆ ಸೋರುತ್ತಿತ್ತು. ಬಾಲ ಹಾಕಿದ ಕೂಡಲೇ ನಿಶ್ಶಬ್ದ. ಇದಕ್ಕೆ ಮೀಟರೂ ಬೇಡ, ನಾಣ್ಯವೂ ಬೇಡ. ನಿಮ್ಮ ಕಂಪ್ಯೂಟರ್ ಹೀಗೆ ಕಿರುಗುಟ್ಟುತ್ತಿದ್ದರೆ ಈವತ್ತೇ ಒಂದು ಬಾಲ ತನ್ನಿ. ಹಳೇ ಫೋನಿನ ತೂತಿಗೂ ಬಾಲಕ್ಕೂ ಮಾತ್ರ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಹಳೇ ಫೋನು ಸಾಯುವ ಮುಂಚೆ ಎಷ್ಟು ಚೆನ್ನಾಗಿ ಕೇಳುತ್ತಿತ್ತೋ ಈಗಲೂ ಅಷ್ಟೇ ಚೆನ್ನಾಗಿ ಕೇಳುತ್ತದೆ.

ಡಬ್ಬಿಯ ಉಳಿದ ತಕರಾರು ಚುಟುಕಾಗಿ. ಅರ್ಧ ಗಂಟೆಗೆ ಬಿಸಿ, ಏಪ್ರಿಲ್‌ನಲ್ಲಿ ಷರಟಿನ ಜೇಬಿನಲ್ಲಿ ಇಟ್ಟುಕೊಂಡವನಿಗೇ ಗೊತ್ತು ಅದರ ಕಷ್ಟ. ಬ್ಯಾಟರಿ ಬೇಗ ಇಳಿಯುತ್ತದೆ. ಎರಡನೇ ತೂತು 4.4 ಎಂಎಂ, ಅದಕ್ಕೆ ಬೇರೆ ಕೇಬಲ್ ಕೊಳ್ಳಬೇಕು, ನಾನು ಕೊಳ್ಳಲಿಲ್ಲ. ಇಯರ್‌ಫೋನಿನ ಮೈಕನ್ನು ಇದು ಗುರುತಿಸುವುದೇ ಇಲ್ಲ, ಹಾಗಾಗಿ ಅಮ್ಮ ಫೋನ್ ಮಾಡಿದರೆ ಜೇಬಿನೊಳಗಿನ ಫೋನಿನ ಮೈಕ್ ಕೆಲಸ ಮಾಡಿ ಅವರಿಗೆ ಮದ್ದೂರು ವಡೆ ಮಾರುವವನ ಕೂಗು ಮಾತ್ರ ಕೇಳುತ್ತಿತ್ತು. "ವಡೆ ತಿಂದ್ಕೊಂಡು ಮಾತಾಡ್ತಿದೀಯಾ" ಅಂತ ಬೈಸಿಕೊಂಡಿದ್ದೇನೆ. ಬಾಲದಲ್ಲಿ ಮೈಕ್ ಸರಿಯಿದೆ. ಬಾಲದ ತೊಂದರೆ ಒಂದೇ, ವೈರು ತೆಳ್ಳಗಿದೆ, ಎಷ್ಟು ದಿನ ಬರುತ್ತದೋ ನೋಡಬೇಕು. ಹೋದರೆ ಇನ್ನೊಂದು 850. ಆರು ಬಾಲ ಹೋದರೂ ಡಬ್ಬಿಯ ದುಡ್ಡು ಮುಟ್ಟುವುದಿಲ್ಲ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಮೇಲೆ ರೈಲು ಧಡಧಡ ಅನ್ನುವಾಗ ಬಾಲ, ಡಬ್ಬಿ ಎರಡೂ ಒಂದೇ. ಅಲ್ಲಿ ನನ್ನನ್ನು ಕಾಪಾಡಿದ್ದು ಇಯರ್‌ಫೋನ್ ಬಾಯಿಗೆ ಹಾಕುವ 250 ರೂಪಾಯಿಯ ಫೋಮ್ ಬುರುಡೆ. ಹಿಂಡಿ ಕಿವಿಗೆ ತುರುಕಿದರೆ ಉಬ್ಬಿಕೊಂಡು ಹೊರಗಿನ ಸದ್ದನ್ನು ತಡೆಯುತ್ತದೆ, ಬೇಸ್ ಕೂಡ ಸೋರುವುದಿಲ್ಲ. ಹೆಂಡತಿ ಇಂಥ ವ್ಯತ್ಯಾಸವನ್ನು ಹತ್ತಕ್ಕೆ ಹತ್ತು ಸಲ ಹೇಳುತ್ತಾಳೆ. ನಿಮ್ಮ ಹತ್ತಿರ 5,000 ಇದ್ದರೆ ಒಂದು ಬಾಲ, ಒಂದು ಜೊತೆ ಫೋಮ್, ಉಳಿದದ್ದರಲ್ಲಿ ಇನ್ನೂ ಒಳ್ಳೇ ಇಯರ್‌ಫೋನ್ ತಗೊಳ್ಳಿ. ನಾನು ಉಲ್ಟಾ ಮಾಡಿದೆ.

ಡಬ್ಬಿ ಈಗ ಕುವೆಂಪುನಗರದಲ್ಲಿರುವ ಆಫೀಸಿನ ಒಬ್ಬರ ಹತ್ತಿರ ಇದೆ. ಅವರದ್ದು 300 ಓಮ್‌ನ ದೊಡ್ಡ ಹೆಡ್‌ಫೋನ್, ಬಾಲ ಹಾಕಿದರೆ ವಾಲ್ಯೂಮ್ ಸಾಲದು, ಡಬ್ಬಿಯ ಜಾಸ್ತಿ ವೋಲ್ಟೇಜ್ ಅಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬಂತು. 3,000ಕ್ಕೆ ಮಾತಾಗಿತ್ತು, 2,000 ಬಂದಿದೆ. ಉಳಿದದ್ದನ್ನು ಸಂಬಳ ಆದ ಮೇಲೆ ಕೊಡುತ್ತಾರಂತೆ.