ಮುಂಬದಿಗೆ ತೇಪೆ, ಹಿಂಬದಿಗೆ ಹೊಸ ದೋಣಿ

ಮನೆಯ ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ತಗಡಿನ ದೋಣಿಗಳು ಎರಡೂ ಬದಿ ಸೋರುತ್ತಿದ್ದವು. ತೊಳೆಯುವುದೋ ಕಿತ್ತೆಸೆಯುವುದೋ ಎಂಬುದು ಬಗೆಹರಿಯದೆ ಮುಂಬದಿಯದನ್ನು ತೊಳೆದು ದುರಸ್ತಿ ಮಾಡಿದೆ, ಹಿಂಬದಿಗೆ ಪಿವಿಸಿ ಪ್ಲಾಸ್ಟಿಕ್ಕಿನ ಹೊಸ ದೋಣಿ ಹಾಕಿಸಿದೆ. ಈಗ ಎರಡು ಮಳೆಗಾಲ ಕಳೆದಿವೆ.

ತೊಳೆಯುವುದು ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು. ಮೇಲೆ ಒಣ ಎಲೆ, ಅದರಡಿ ಕೊಳೆತ ಎಲೆ, ತಳದಲ್ಲಿ ಕಪ್ಪು ಕೆಸರು. ಒಂದು ಜೋಡಣೆಯ ಸಂದಿನಲ್ಲಿ ಗೇಣುದ್ದದ ಸಸಿ ಬೇರು ಬಿಟ್ಟಿತ್ತು. ಎಳೆದರೆ ಬೇರಿನ ಜತೆ ತುಕ್ಕಿನ ಹಕ್ಕಳೆಯೂ ಎದ್ದು ಬಂತು. ತೂತಿನಲ್ಲಿ ಕೆಳಗಿನ ನೆಲ ಕಾಣಿಸಿತು. ಅಷ್ಟು ದಿನ ಕೆಸರೇ ಬಿರಡೆಯಾಗಿತ್ತು! ತುಕ್ಕು ಉಜ್ಜಿ, ತಗಡಿನ ತೇಪೆ ಇಟ್ಟು ಸಂದು ಮುಚ್ಚುವ ಸೀಲೆಂಟ್ ಬಳಿದೆ. ತೇವ ಆರುವ ಮೊದಲೇ ಬಳಿದದ್ದರಿಂದ ವಾರದೊಳಗೆ ಸಿಪ್ಪೆಯಂತೆ ಸುಲಿಯಿತು. ಚೆನ್ನಾಗಿ ಒಣಗಿಸಿ ಬಳಿದ ಎರಡನೆಯ ತೇಪೆ ಇನ್ನೂ ಹಿಡಿದಿದೆ.

ನಿಜವಾದ ಕಾಯಿಲೆ ತಿಳಿದದ್ದು ಒಂದು ಬಕೆಟ್ ನೀರು ಸುರಿದಾಗ. ದೋಣಿಯನ್ನು ಹಿಡಿದಿಡುವ ಕೊಕ್ಕೆಯೊಂದು ಜಗ್ಗಿದ್ದ ಕಡೆ ನೀರು ಹರಿಯದೆ ನಿಂತಿತು. ತುಕ್ಕು ತಿಂದದ್ದೂ ಅಲ್ಲಿಯೇ. ದಾರ ಕಟ್ಟಿ, ಮೀಟರಿಗೆ ಸುಮಾರು 3 ಮಿಲಿಮೀಟರ್ ಇಳಿಜಾರು ಬರುವಂತೆ ಕೊಕ್ಕೆಗಳನ್ನು ಸರಿಪಡಿಸಿದೆ. ಇದನ್ನು ಮಾಡದೆ ಎಷ್ಟು ತೊಳೆದರೂ ವ್ಯರ್ಥವಾಗುತ್ತಿತ್ತು.

ಹಿಂಬದಿಯ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಪಿವಿಸಿ ಹಗುರ, ತುಕ್ಕಿನ ಭಯವಿಲ್ಲ. ಆದರೆ ಕೆಲಸದವರು ತುಂಡುಗಳನ್ನು ಸಂದು ಬಿಡದೆ ಬಿಗಿಯಾಗಿ ಒತ್ತಿ ಕೂರಿಸಿದ್ದರು. ನಾಲ್ಕು ಮೀಟರಿನ ತುಂಡು 30 ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಮೊದಲ ಬೇಸಿಗೆಯಲ್ಲೇ ದೋಣಿ ಕಿರುಗುಟ್ಟತೊಡಗಿತು, ಒಂದು ಜೋಡಣೆ ಬಾಯಿಬಿಟ್ಟಿತು. ಎಲೆಗಳಂತೂ ಹೊಸದು ಹಳೆಯದೆಂದು ನೋಡುವುದಿಲ್ಲ. ಏಣಿ ಹತ್ತುವುದು ಎರಡೂ ಕಡೆ ತಪ್ಪಿಲ್ಲ.

ಆದರೂ ಹಿಂಬದಿಯದನ್ನು ಕಿತ್ತದ್ದಕ್ಕೆ ಬೇಸರವಿಲ್ಲ. ಹಳೆಯ ದೋಣಿ ಇಳಿಸಿದಾಗ ಅದರ ಹಿಂದಿನ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ: ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಅಂಥ ಹಲಗೆಯಲ್ಲಿ ಯಾವ ಕೊಕ್ಕೆಯೂ ನಿಲ್ಲುವುದಿಲ್ಲ. ಹಲಗೆ ಗಟ್ಟಿಯಿದ್ದು ಒಂದೆರಡು ತೂತುಗಳಷ್ಟೇ ಇದ್ದರೆ ನಾನು ಇನ್ನೊಮ್ಮೆಯೂ ತೊಳೆಯುವ ದಾರಿಯನ್ನೇ ಹಿಡಿಯುತ್ತೇನೆ. ಮೀಟರಿಗೊಂದು ತೇಪೆ ಬೇಕಾಗುವಂತಿದ್ದರೆ ಖಂಡಿತ ಇಲ್ಲ.

ಮುಂಬದಿಯ ಹಲಗೆಯನ್ನು ಮಾತ್ರ ನಾನು ಇದುವರೆಗೆ ಚುಚ್ಚಿ ನೋಡಿಲ್ಲ. ಈ ಬೇಸಿಗೆಯಲ್ಲಿ ಎರಡು ಕೊಕ್ಕೆ ಬಿಚ್ಚಬೇಕು.